ಡೆನ್ಮಾರ್ಕ್‌ನ ‘ಟೆಕ್ ರಾಯಭಾರಿ’: ಒಂದು ಸ್ಪಷ್ಟನೆ

ಡೆನ್ಮಾರ್ಕ್ ಸರ್ಕಾರವು ಗೂಗಲ್, ಫೇಸ್‌ಬುಕ್‌ನಂತಹ ಕಂಪನಿಗಳಿಗೆ ರಾಯಭಾರಿಯನ್ನು ನೇಮಿಸಿ, ಅವುಗಳಿಗೆ ದೇಶಗಳ ಸಮಾನ ಮಾನ್ಯತೆ ನೀಡಿದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ಅರ್ಧದಷ್ಟು ಮಾತ್ರ ನಿಜ.

2017ರಲ್ಲಿ ಡೆನ್ಮಾರ್ಕ್ ‘ಟೆಕ್ ರಾಯಭಾರಿ’ ಎಂಬ ಹುದ್ದೆಯನ್ನು ಸೃಷ್ಟಿಸಿ, ವೃತ್ತಿಪರ ರಾಜತಾಂತ್ರಿಕರಾದ ಕ್ಯಾಸ್ಪರ್ ಕ್ಲಿಂಗೆ ಅವರನ್ನು ನೇಮಿಸಿ, ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿಯಲ್ಲಿ ಕಚೇರಿ ತೆರೆದದ್ದು ಹೌದು. ಆದರೆ 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಜತಾಂತ್ರಿಕ ಸಂಬಂಧ ಏರ್ಪಡುವುದು ಎರಡು ರಾಷ್ಟ್ರಗಳ ಪರಸ್ಪರ ಸಮ್ಮತಿಯಿಂದ. ರಾಯಭಾರಿಯನ್ನು ಕಳುಹಿಸುವ ಮುನ್ನ ಬರಮಾಡಿಕೊಳ್ಳುವ ರಾಷ್ಟ್ರದ ಒಪ್ಪಿಗೆಯನ್ನೂ ಪಡೆಯಬೇಕು. ಅಂತಹ ಒಪ್ಪಿಗೆ ಕೊಡುವ ಅಧಿಕಾರ ಯಾವ ಕಂಪನಿಗೂ ಇಲ್ಲ, ಅದು ಎಷ್ಟೇ ದೊಡ್ಡದಿರಲಿ. ಹಾಗಾಗಿ ಈ ಹುದ್ದೆಯನ್ನು ಕಂಪನಿಗಳಿಗೆ ಸಿಕ್ಕ ಮಾನ್ಯತೆ ಎನ್ನುವುದಕ್ಕಿಂತ, ದತ್ತಾಂಶ, ಸೈಬರ್ ಸುರಕ್ಷತೆ, ಕೃತಕ ಬುದ್ಧಿಮತ್ತೆಯಂತಹ ವಿಷಯಗಳಲ್ಲಿ ಕಂಪನಿಗಳೊಂದಿಗೂ ಇತರ ಸರ್ಕಾರಗಳೊಂದಿಗೂ ನಿರಂತರ ಸಂಪರ್ಕ ಇಟ್ಟುಕೊಳ್ಳಲು ಒಂದು ಸಣ್ಣ ದೇಶ ಮಾಡಿಕೊಂಡ ವ್ಯವಸ್ಥೆ ಎನ್ನುವುದೇ ಸರಿ. ಸರ್ಕಾರಗಳೊಂದಿಗಿನ ಈ ಎರಡನೆಯ ಕೆಲಸವನ್ನು ಸುದ್ದಿ ಹಂಚುವವರು ಪೂರ್ತಿಯಾಗಿ ಕೈಬಿಟ್ಟಿದ್ದಾರೆ. ಬಹುಶಃ ಅದರಲ್ಲಿ ರೋಚಕತೆ ಕಡಿಮೆ.

ಕ್ಲಿಂಗೆ 2020ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಈ ಬಗೆಯ ನೆಗೆತ ಚರ್ಚೆಗೆ ಅರ್ಹವಾದ ವಿಷಯವೇ, ಆದರೆ ಅದು ಕಂಪನಿಗಳಿಗೆ ದೇಶಗಳ ಸಮಾನ ಮಾನ್ಯತೆ ಸಿಕ್ಕಿದೆ ಎಂಬ ಮಾತಿಗೆ ಪುರಾವೆಯಾಗದು.

ಇಂತಹ ಏರ್ಪಾಡು ಡೆನ್ಮಾರ್ಕ್‌ನದು ಮಾತ್ರವಲ್ಲ. ಐರೋಪ್ಯ ಒಕ್ಕೂಟವು 2022ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನ ಕಚೇರಿಯನ್ನು ತೆರೆಯಿತು. ಅದೇ ತಿಂಗಳು ನಥಾನಿಯೆಲ್ ಫಿಕ್ ಅವರು ಸೈಬರ್ ಮತ್ತು ಡಿಜಿಟಲ್ ನೀತಿಗಾಗಿ ಅಮೆರಿಕದ ವಿಶೇಷ ರಾಯಭಾರಿಯಾಗಿ ಅಧಿಕಾರ ವಹಿಸಿಕೊಂಡರು. ಅವರ ಹುದ್ದೆಯೂ ಯಾವುದೇ ಕಂಪನಿಗೆ ಸಂಬಂಧಿಸಿದ್ದಾಗಿರಲಿಲ್ಲ.