ಚಿಂತೆ ಎಲ್ಲರಿಗೂ ಇದೆ, ಸರ್ಕಾರ ಯಾಕೆ ಅಲ್ಲಾಡುವುದಿಲ್ಲ?

ಮಲೆನಾಡಿನಲ್ಲಿ ಹವಾಮಾನ ಬದಲಾವಣೆ ಬಗ್ಗೆ ಯಾರಿಗೂ ಉಪನ್ಯಾಸ ಕೊಡಬೇಕಾಗಿಲ್ಲ. ಒಬ್ಬ ಅಡಿಕೆ ಬೆಳೆಗಾರರನ್ನು ಮಾತಾಡಿಸಿ ನೋಡಿ, ಅವರೇ ಅರ್ಧ ಗಂಟೆ ಹೇಳುತ್ತಾರೆ. ಬೋರ್ಡೋ ಔಷಧಿ ಹೊಡೆಯಲು ಎರಡು ದಿನ ಮಳೆ ಹೊಳವಾಗುವುದಿಲ್ಲ. ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ದೀಪಾವಳಿ ಹೊತ್ತಿಗೂ ಮಳೆ ಬಿಡದೆ, ಅಂಗಳದಲ್ಲಿ ಹರಡಿದ ಅಡಿಕೆಯನ್ನು ಮೋಡ ಕಂಡಾಗಲೆಲ್ಲ ಒಳಗೆ ಎತ್ತಬೇಕು. ಅದರ ಮೇಲೆ ಎಲೆಚುಕ್ಕಿ ರೋಗ. ಇನ್ನು ಗುಡ್ಡದ ಕೆಳಗೆ ಮನೆ ಇದ್ದವರು ಜುಲೈ ತಿಂಗಳಲ್ಲಿ ನೆಮ್ಮದಿಯಾಗಿ ಮಲಗುವುದನ್ನೇ ಮರೆತಿದ್ದಾರೆ.

ಇದು ನಮ್ಮ ಕಡೆಯ ಮಾತಷ್ಟೇ ಅಲ್ಲ. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 125 ದೇಶಗಳ ಸುಮಾರು 1.3 ಲಕ್ಷ ಜನರನ್ನು ಕೇಳಿದ್ದರು. 'ಸರ್ಕಾರ ಇನ್ನೂ ಜಾಸ್ತಿ ಕೆಲಸ ಮಾಡಬೇಕು' ಅಂದವರು ಶೇ. 89. ಇಷ್ಟು ಜನ ಒಂದೇ ಮಾತು ಹೇಳುವ ಬೇರೆ ವಿಷಯ ಸಿಗುವುದೇ ಕಷ್ಟ. ಆದರೂ ಏನೂ ಆಗುತ್ತಿಲ್ಲವಲ್ಲ, ಯಾಕೆ?

'ಜನರಿಗೆ ಅರಿವಿಲ್ಲ' ಅನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಅರಿವು ಬೇಕಾದಷ್ಟಿದೆ. 'ರಾಜಕಾರಣಿಗಳೇ ಸರಿ ಇಲ್ಲ' ಅನ್ನೋದು ಸುಲಭದ ಉತ್ತರ, ಅರ್ಧ ಮಾತ್ರ ನಿಜ. ನನಗೆ ಕಾಣುವುದು ಬೇರೆ. ನಮ್ಮ ಚಿಂತೆ ಇಡೀ ಭೂಮಿಯಷ್ಟು ದೊಡ್ಡದು. ಆದರೆ ಅದು ಯಾವ ಅಧಿಕಾರಿಯ ಮೇಜಿನ ಮೇಲೂ ಒಂದು ಕಡತವಾಗಿ ಹೋಗಿ ಕೂರುವುದಿಲ್ಲ. ವಿರೋಧ ಮಾಡುವವರ ಮಾತು ಮಾತ್ರ ಊರು, ಹೆಸರು, ಸರ್ವೆ ನಂಬರ್ ಸಮೇತ ಹೋಗುತ್ತದೆ. ಸರ್ಕಾರಕ್ಕೆ ಕೇಳಿಸುವುದು ಅದೇ.

ಪಶ್ಚಿಮ ಘಟ್ಟದ ಕಥೆಯನ್ನೇ ತೆಗೆದುಕೊಳ್ಳಿ. ಘಟ್ಟವನ್ನು ಹೇಗೆ ಉಳಿಸಬೇಕು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ಆಗಸ್ಟ್ ಕೊನೆಗೆ ವರದಿ ಕೊಟ್ಟಿತು. ಕೇಂದ್ರ ಪರಿಸರ ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಹೊರಗೇ ಬಿಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಮಾಹಿತಿ ಆಯೋಗ ಆದೇಶ ಕೊಟ್ಟು, ದೆಹಲಿ ಹೈಕೋರ್ಟಿನಲ್ಲೂ ಸಚಿವಾಲಯ ಸೋತ ಮೇಲೆ 2012ರ ಮೇ ತಿಂಗಳಲ್ಲಿ ಜನರ ಕೈಗೆ ಬಂತು. ಎಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನೋದನ್ನು ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಿ ಅಂತ ಆ ವರದಿಯೇ ಹೇಳಿತ್ತು. ಆ ಕೆಲಸ ನಡೆಯಲೇ ಇಲ್ಲ. ಬದಲಿಗೆ ಕಸ್ತೂರಿರಂಗನ್ ಸಮಿತಿ ಬಂತು. 2013ರಲ್ಲಿ ಅದರ ವರದಿ ಬಂದಾಗ ಪರಿಸರ ಸೂಕ್ಷ್ಮ ಪ್ರದೇಶ, ಅಂದರೆ ಕೆಲವು ಚಟುವಟಿಕೆಗಳಿಗೆ ನಿರ್ಬಂಧ ಹಾಕುವ ಜಾಗ, ಇಡೀ ಘಟ್ಟದಿಂದ ಶೇ. 37ಕ್ಕೆ ಇಳಿದಿತ್ತು. ಉಪಗ್ರಹದ ಚಿತ್ರ ನೋಡಿ, ಶೇ. 20ಕ್ಕಿಂತ ಜಾಸ್ತಿ ಸೂಕ್ಷ್ಮ ಕಾಡು ಕಂಡ ಹಳ್ಳಿಯನ್ನು ಪಟ್ಟಿಗೆ ಸೇರಿಸಿದ್ದರು.

ಆಮೇಲೆ ಶುರುವಾಯಿತು ಈ ಪ್ರದೇಶವನ್ನು ಘೋಷಿಸುವ ಕೇಂದ್ರದ ಕರಡು ಅಧಿಸೂಚನೆಗಳ ಸಾಲು. 2014, 2015, 2017, 2018, 2022, 2024. ಕರಡಿಗೆ ಒಂದು ಅವಧಿ ಇರುತ್ತದೆ. ಅಷ್ಟರಲ್ಲಿ ಅಂತಿಮ ಮಾಡದಿದ್ದರೆ ಬಿದ್ದುಹೋಗುತ್ತದೆ, ಮತ್ತೆ ಹೊಸದು ಹೊರಡಿಸಬೇಕು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, 1,576 ಹಳ್ಳಿ. ಅಧಿಕಾರದಲ್ಲಿ ಯಾವ ಪಕ್ಷ ಇದ್ದರೂ ನಮ್ಮ ರಾಜ್ಯದ ಉತ್ತರ ಮಾತ್ರ ಒಂದೇ: ಬೇಡ.

ಈ ವರ್ಷಗಳ ನಡುವೆ ಏನೇನು ಆಯಿತು ಅನ್ನೋದು ನಿಮಗೆ ಗೊತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಕಾಫಿ ತೋಟ, ಮನೆ ಸಮೇತ ಜಾರಿದವು. 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ, ಲಾರಿ ಚಾಲಕರು ನಿಲ್ಲಿಸಿ ಚಹಾ ಕುಡಿಯುತ್ತಿದ್ದ ಅಂಗಡಿಯನ್ನೇ ಗಂಗಾವಳಿ ನದಿಗೆ ತಳ್ಳಿತು. ಎರಡು ವಾರ ಕಳೆದು ಜುಲೈ 30ಕ್ಕೆ ಕೇರಳದ ವಯನಾಡಿನಲ್ಲಿ ಭೂಕುಸಿತ. ಆ ದಿನದ ಮಳೆಯ ತೀವ್ರತೆಯಲ್ಲಿ ಸುಮಾರು ಶೇ. 10ರಷ್ಟು ಹೆಚ್ಚಳಕ್ಕೆ ಹವಾಮಾನ ಬದಲಾವಣೆಯೇ ಕಾರಣ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. ವಯನಾಡಿನ ಮಾರನೇ ದಿನ, ಜುಲೈ 31ಕ್ಕೆ, ಆರನೇ ಕರಡು ಹೊರಬಿತ್ತು. ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ಮತ್ತೆ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಶಿರೂರಿನಲ್ಲಿ ಆಗ ಇನ್ನೂ ನದಿಯಲ್ಲಿ ಹುಡುಕಾಟ ನಡೆದಿತ್ತು.

ಇದನ್ನು ಬರೆಯುವಾಗ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಆದರೆ 'ಬೇಡ' ಅಂದವರನ್ನು ಪರಿಸರದ ಶತ್ರುಗಳು ಅಂತ ಬೈದು ಕೈತೊಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ಅವರು ನನ್ನ ಅಕ್ಕಪಕ್ಕದವರೇ.

ಒಂದು ಗ್ರಾಮಸಭೆಯಲ್ಲಿ ನಡೆದದ್ದು ಹೇಳುತ್ತೇನೆ. ಶಾಲೆಯ ಜಗಲಿಯಲ್ಲಿ ಸಭೆ. ಶುರುವಾಗುವ ಮೊದಲು ಎಲ್ಲರ ಬಾಯಲ್ಲೂ ಮಳೆಯದ್ದೇ ಮಾತು. ಸಭೆ ಶುರುವಾದ ಮೇಲೆ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. "ಸರ್, ನಮ್ಮನೆ ಹಿಂದಿನ ಧರೆ ಬಿರುಕು ಬಿಟ್ಟಿದೆ. ಕೈ ಹಾಕಿದ್ರೆ ಮೊಣಕೈವರೆಗೂ ಹೋಗುತ್ತೆ. ಯಾರಾದ್ರೂ ಬಂದು ನೋಡ್ಬೇಕಲ್ಲ" ಅಂದರು. ಧರೆ ಅಂದರೆ ನಮ್ಮ ಕಡೆ ಗುಡ್ಡ ಕಡಿದ ಕಡೆ ಉಳಿಯುವ ಕಡಿದಾದ ಮಣ್ಣಿನ ಗೋಡೆ. ಪಿಡಿಒ ಪುಸ್ತಕದಿಂದ ತಲೆ ಎತ್ತಿ, "ಅದು ಪಂಚಾಯಿತಿಗೆ ಬರಲ್ಲ ಅಮ್ಮ, ರೆವಿನ್ಯೂನವರಿಗೆ ಹೇಳಿ" ಅಂದರು. ಕಂದಾಯ ಇಲಾಖೆಯ ವಿಎ (ಗ್ರಾಮ ಲೆಕ್ಕಿಗರು) ಅಲ್ಲೇ ಇದ್ದರು. "ಧರೆ ಮೇಲಿನ ಜಾಗ ಫಾರೆಸ್ಟ್‌ದು, ಅವರೇ ನೋಡ್ಬೇಕು. ಬಿದ್ದು ಮನೆಗೆ ಡ್ಯಾಮೇಜ್ ಆದ್ರೆ ನನಗೆ ಫೋನ್ ಮಾಡಿ, ಫೋಟೋ ತೆಗೆದು ಪರಿಹಾರಕ್ಕೆ ಹಾಕೋಣ" ಅಂದರು. ಅರಣ್ಯ ಇಲಾಖೆಯಿಂದ ಅವತ್ತು ಯಾರೂ ಬಂದಿರಲಿಲ್ಲ. ಆ ಅಮ್ಮ ಸೆರಗು ಸರಿ ಮಾಡಿಕೊಂಡು ಕೂತರು. ನಡಾವಳಿ ಪುಸ್ತಕದಲ್ಲಿ ಅವರ ಮಾತಿಗೆ ಒಂದು ಸಾಲೂ ಸಿಗಲಿಲ್ಲ. ಯಾಕೆಂದರೆ ಬಿರುಕಿಗೆ ಅಲ್ಲಿ ಕಾಲಂ ಇರಲಿಲ್ಲ.

ಆ ಸಭೆಯಲ್ಲೇ ಕಸ್ತೂರಿರಂಗನ್ ವರದಿ ವಿರೋಧಿಸಿ ಠರಾವು ಬಂತು. ಎರಡು ನಿಮಿಷದಲ್ಲಿ ಎಲ್ಲರೂ ಕೈ ಎತ್ತಿದರು. ನಾನು ಎದ್ದು ಹೇಳಿದೆ: ಕರಡಿನಲ್ಲಿ ನಿಷೇಧ ಇರುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಅತಿ ಹೆಚ್ಚು ಮಾಲಿನ್ಯ ಮಾಡುವ) ಕಾರ್ಖಾನೆ, 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ, ಇಂಥವಕ್ಕೆ. ತೋಟ ಮಾಡಬೇಡಿ, ಮನೆ ಕಟ್ಟಬೇಡಿ, ಊರು ಬಿಡಿ ಅಂತ ಎಲ್ಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯರು ಮೆಲ್ಲಗೆ ಅಂದರು: "ಕಾಗದದಲ್ಲಿ ಇರಲ್ಲ ಮಾರಾಯ. ಬಂದವನ ಕೈಯಲ್ಲಿರುತ್ತೆ."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಲೆನಾಡಿನ ರೈತ ಅರಣ್ಯ ಇಲಾಖೆಯನ್ನು ಕಂಡಿರುವುದು ನೋಟಿಸಿನ ರೂಪದಲ್ಲಿ. ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ ಅನ್ನುವ ಬಗರ್‌ಹುಕುಂ ಅರ್ಜಿ ವರ್ಷಗಟ್ಟಲೆ ಕೊಳೆಯುತ್ತದೆ, ಅರಣ್ಯ ಹಕ್ಕು ಅರ್ಜಿ ತಿರಸ್ಕಾರವಾಗುತ್ತದೆ. 2024ರಲ್ಲಿ ಗುಡ್ಡ ಕುಸಿದ ಮೇಲೆ ಸರ್ಕಾರ ಮೊದಲು ಎತ್ತಿದ ಮಾತುಗಳಲ್ಲಿ ಒತ್ತುವರಿ ತೆರವು ಒಂದು. ಹೆದ್ದಾರಿಗೆ ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದ ಕಡೆ ಇನ್ನು ಹೀಗೆ ಕತ್ತರಿಸುವುದಿಲ್ಲ ಅನ್ನುವ ಮಾತು ಅಷ್ಟೇ ಜೋರಾಗಿ ಕೇಳಿಸಲಿಲ್ಲ. ಹೀಗಿದ್ದಾಗ ಜನ ಹೆದರಿದರೆ ತಪ್ಪು ಅನ್ನೋಕಾಗುತ್ತಾ?

ಘಟ್ಟದ ಕಾಡು ಉಳಿದರೆ ಲಾಭ ಕಾವೇರಿ, ತುಂಗಭದ್ರೆಯ ನೀರು ಕುಡಿಯುವ ಕೋಟಿ ಜನರಿಗೆ. ಆ ಕೋಟಿ ಜನ ಒಬ್ಬೊಬ್ಬರಾಗಿ 'ನನಗೆ ಲಾಭ ಆಯಿತು' ಅಂತ ಯಾವ ಶಾಸಕರ ಮನೆ ಬಾಗಿಲಿಗೂ ಹೋಗುವುದಿಲ್ಲ. ನಷ್ಟದ ಭಯ ಇರುವುದು 1,576 ಹಳ್ಳಿಗಳಿಗೆ. ಅವರು ಬಂದ್ ಮಾಡುತ್ತಾರೆ, ಮತದಾನ ಬಹಿಷ್ಕಾರ ಅನ್ನುತ್ತಾರೆ. ಕ್ವಾರಿ ಮಾಲೀಕರಿಗೆ, ದೊಡ್ಡ ರೆಸಾರ್ಟ್ ಕಟ್ಟುವವರಿಗೆ ಕೂಗಬೇಕಾದ ಅಗತ್ಯವೇ ಇಲ್ಲ. ರೈತರ ಭಯವೇ ಅವರ ಕೆಲಸ ಮಾಡಿಕೊಡುತ್ತದೆ. ಕಾಡು ಉಳಿಸಿಕೊಂಡವರಿಗೆ ಹಣ ಕೊಡಿ, ಪ್ರೋತ್ಸಾಹ ಕೊಡಿ ಅಂತ ಎರಡೂ ಸಮಿತಿಗಳು ಹೇಳಿದ್ದವು. ಜನರ ಕಿವಿಗೆ ಬಿದ್ದದ್ದು ನಿಷೇಧದ ಭಾಗ ಮಾತ್ರ.

ಪಾವಗಡವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಿತು. ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಅಂತ ಶುರು ಮಾಡಿದರು. ಜಮೀನೇ ಇಲ್ಲದ ಕೂಲಿಕಾರರಿಗೆ ಅದರಿಂದ ಏನು ಸಿಕ್ಕಿತು ಅನ್ನುವ ಪ್ರಶ್ನೆ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಆದರೆ ಸರ್ಕಾರಕ್ಕೆ ಮನಸ್ಸಿದ್ದರೆ ಕೆಲಸ ಎಷ್ಟು ಬೇಗ ಆಗುತ್ತದೆ ಅನ್ನೋದು ಗೊತ್ತಾಯಿತಲ್ಲ. ಅಲ್ಲಿ ಕರೆಂಟೂ ಬೇಕಿತ್ತು, ಬಂಡವಾಳ ಹಾಕುವವರೂ ಇದ್ದರು, ದುಡ್ಡು ಯಾರ ಖಾತೆಗೆ ಬರುತ್ತದೆ ಅನ್ನೋದೂ ಗೊತ್ತಿತ್ತು.

ಇನ್ನು ಹಾನಿಯಾದ ಮೇಲೆ ಕೊಡುವ ಪರಿಹಾರ ಹಣದ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ. ವಿಎ ಹೇಳಿದ ಮಾತು ನೆನಪಿಡಿ: ಬಿದ್ದ ಮೇಲೆ ಫೋನ್ ಮಾಡಿ. ಅವರು ಕೆಟ್ಟವರಲ್ಲ. ಬಿದ್ದ ಮೇಲೆ ಏನು ಮಾಡಬೇಕು ಅನ್ನೋದಕ್ಕೆ ನಿಯಮ ಇದೆ, ಫಾರಂ ಇದೆ, ದರಪಟ್ಟಿ ಇದೆ. 2022ರಲ್ಲಿ ಬಂದ ಕೇಂದ್ರದ ದರಪಟ್ಟಿಯಲ್ಲಿ ಮಳೆಯಾಶ್ರಿತ ಬೆಳೆ ಹೋದರೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ಇತ್ತು, ಅದೂ ಎರಡು ಹೆಕ್ಟೇರಿನವರೆಗೆ. ಬೀಳುವ ಮೊದಲು ಏನು ಮಾಡಬೇಕು ಅನ್ನೋದಕ್ಕೆ ಅವರ ಕೈಯಲ್ಲಿ ಏನೂ ಇಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾದಾಗ ಇಡೀ ಜಗಳ ನಡೆದದ್ದು ಪರಿಹಾರದ ಮೇಲೆ. ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಬಂದದ್ದು ಸುಮಾರು 3,400 ಕೋಟಿ. ಆ ಜಗಳ ನ್ಯಾಯವಾದದ್ದೇ, ನಾನೂ ರಾಜ್ಯದ ಪರವೇ ಇದ್ದೆ. ಆದರೆ ಮುಂದಿನ ಬರಕ್ಕೆ ಕೆರೆ, ಅಂತರ್ಜಲದ ಸಿದ್ಧತೆ ಎಲ್ಲಿಗೆ ಬಂತು ಅಂತ ಅಷ್ಟೇ ಜೋರಾಗಿ ಯಾವ ಪಕ್ಷ ಕೇಳಿತು?

ಕೇಳದಿರುವುದಕ್ಕೆ ನಾವೂ ಕಾರಣ. ಭಾರತದ ವಿಧಾನಸಭಾ ಚುನಾವಣೆಗಳನ್ನು ಅಧ್ಯಯನ ಮಾಡಿದವರು ಇದನ್ನು ತೋರಿಸಿದ್ದಾರೆ. ಮಳೆ ಕೈಕೊಟ್ಟ ವರ್ಷ ಜನ ಆಳುವ ಪಕ್ಷವನ್ನು ಶಿಕ್ಷಿಸುತ್ತಾರೆ, ಪರಿಹಾರ ಚುರುಕಾಗಿ ಹಂಚಿದರೆ ಆ ಸಿಟ್ಟು ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ನಡೆದ ಇನ್ನೊಂದು ಅಧ್ಯಯನ ಹೇಳಿದ್ದು, ಪರಿಹಾರ ಕೊಟ್ಟ ಪಕ್ಷಕ್ಕೆ ಮತ ಸಿಗುತ್ತದೆ, ಮುನ್ನೆಚ್ಚರಿಕೆಗೆ ಖರ್ಚು ಮಾಡಿದ್ದಕ್ಕೆ ಸಿಗುವುದಿಲ್ಲ ಅಂತ. ಗುಡ್ಡ ಬೀಳದಂತೆ ನೋಡಿಕೊಂಡ ಶಾಸಕರಿಗೆ ಯಾರು ಸನ್ಮಾನ ಮಾಡುತ್ತಾರೆ ಹೇಳಿ? ಬೀಳದ ಗುಡ್ಡದ ಮುಂದೆ ನಿಂತು ಚೆಕ್ ಕೊಡುವ ಫೋಟೋ ತೆಗೆಸಿಕೊಳ್ಳಲು ಆಗುವುದಿಲ್ಲವಲ್ಲ.

ಹಾಗಂತ ಜನರ ಮಾತಿಗೆ ಸರ್ಕಾರ ಯಾವತ್ತೂ ಬಗ್ಗಿಲ್ಲ ಅಂತಲ್ಲ. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅವರ ಮುಂದೆ ಇದ್ದದ್ದು ಒಂದು ಕಾಡು, ಕೊಡಲಿ ಹಿಡಿದ ಕೂಲಿಗಳು, ಕಡಿಯಲು ಅನುಮತಿ ಕೊಟ್ಟ ಒಂದು ಇಲಾಖೆ. ಅಪ್ಪಿಕೊ ಚಳವಳಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಕೊನೆಗೆ ಸರ್ಕಾರ ಹಸಿ ಮರ ಕಡಿಯುವುದನ್ನು ನಿಲ್ಲಿಸಬೇಕಾಯಿತು. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನವರು ಸ್ಟೀಲ್ ಫ್ಲೈಓವರ್ ಬೇಡ ಅಂತ ಮಾನವ ಸರಪಳಿ ಮಾಡಿದರು. 2017ರ ಮಾರ್ಚ್ ಹೊತ್ತಿಗೆ ಯೋಜನೆ ಕೈಬಿಟ್ಟರು. ಎರಡೂ ಕಡೆ ಏನು ಬೇಡ, ಯಾರು ನಿಲ್ಲಿಸಬೇಕು ಅನ್ನುವ ಬಗ್ಗೆ ಗೊಂದಲ ಇರಲಿಲ್ಲ. 'ಭೂಮಿ ಉಳಿಸಿ' ಅಂತ ಬೋರ್ಡ್ ಹಿಡಿದರೆ ಮುಖ್ಯಮಂತ್ರಿಗಳೂ ಬಂದು ನಮ್ಮ ಜೊತೆ ಒಂದು ಸಸಿ ನೆಡುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಕೇಳುವ ಜಾಗಗಳೂ ಮುಚ್ಚಿಹೋಗಿವೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಿಂದ ಕಾರ್ಪೊರೇಟರ್‌ಗಳೇ ಇಲ್ಲದೆ ವರ್ಷಗಳು ಕಳೆದವು. ಧರೆಯ ಬಿರುಕು ತಾಲ್ಲೂಕು ಪಂಚಾಯಿತಿ ಸದಸ್ಯರ ಮಟ್ಟದ ವಿಷಯ. ಅದನ್ನು ಹಿಡಿದುಕೊಂಡು ವಿಧಾನಸೌಧಕ್ಕೆ ಹೋಗಲು ಆ ಅಮ್ಮನಿಂದ ಸಾಧ್ಯವೇ?

ಮೊದಲು ಹೇಳಿದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ತಮ್ಮ ಆದಾಯದಲ್ಲಿ ಶೇ. 1ರಷ್ಟನ್ನು ಹವಾಮಾನಕ್ಕಾಗಿ ಕೊಡಲು ಸಿದ್ಧ ಅಂದವರು ಶೇ. 69. ಬೇರೆಯವರಲ್ಲಿ ಎಷ್ಟು ಜನ ಕೊಡಬಹುದು ಅಂತ ಕೇಳಿದಾಗ ಜನರ ಅಂದಾಜು ಶೇ. 43. ಅಂದರೆ ಪಕ್ಕದ ಮನೆಯವರಿಗೆ ನಮ್ಮಷ್ಟು ಕಾಳಜಿ ಇಲ್ಲ ಅಂತ ಪ್ರತಿಯೊಬ್ಬರೂ ಅಂದುಕೊಂಡು ಸುಮ್ನೆ ಕೂತಿದ್ದೇವೆ. ಆ ಗ್ರಾಮಸಭೆಯಲ್ಲೂ ಹಾಗೇ ಆಯಿತು. ಅಮ್ಮ ಕೂತ ಮೇಲೆ ಯಾರೂ ಎದ್ದು 'ನಮ್ಮನೆ ಹಿಂದೆಯೂ ಬಿರುಕಿದೆ' ಅನ್ನಲಿಲ್ಲ. ಸಭೆ ಮುಗಿದು ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಮೂರ್ನಾಲ್ಕು ಜನ ಅದನ್ನೇ ಹೇಳಿದರು.

ಅವರೂ ನಾನೂ ಸೇರಿ ಈಗ ಒಂದು ಅರ್ಜಿ ಬರೆದಿದ್ದೇವೆ. ಕಸ್ತೂರಿರಂಗನ್ ಹೆಸರಿಲ್ಲ, ಹವಾಮಾನ ಅನ್ನುವ ಮಾತೂ ಇಲ್ಲ. ಬಿರುಕು ಬಿಟ್ಟ ಧರೆಗಳ ಪಟ್ಟಿ, ಸರ್ವೆ ನಂಬರ್ ಮತ್ತು ಫೋಟೋ ಜೊತೆಗೆ. ಮಳೆಗಾಲಕ್ಕೆ ಮೊದಲು ಕಂದಾಯ, ಅರಣ್ಯ, ಪಂಚಾಯಿತಿ ಮೂವರೂ ಒಟ್ಟಿಗೆ ಬಂದು ನೋಡಬೇಕು. ರಸ್ತೆಗೆ ಗುಡ್ಡ ಕಡಿದ ಕಡೆ ನೀರು ಹೋಗುವ ಚರಂಡಿಯನ್ನು ಯಾರು ಬಿಡಿಸುತ್ತಾರೆ ಅಂತ ಹೆಸರು ಹಾಕಿ ತಿಳಿಸಬೇಕು. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ. ರಾತ್ರಿ ಅದರಲ್ಲಿ ಮಳೆ ಮಿತಿ ದಾಟಿದರೆ ಗುಡ್ಡದ ಕೆಳಗಿನ ಮನೆಗಳಿಗೆ ಫೋನ್ ಮಾಡುವವರು ಯಾರು ಅಂತ ಹೇಳಬೇಕು. ಮುಂದಿನ ಸಭೆಯಲ್ಲಿ ಇದನ್ನು ಓದಿ, ನಡಾವಳಿಯಲ್ಲಿ ಬರೆಸಿ, ಸ್ವೀಕೃತಿ ಪಡೆದೇ ಹೊರಗೆ ಬರುತ್ತೇವೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಗೆಳೆಯರಲ್ಲಿ ಯಾರಿಗಾದರೂ ಈ ಅರ್ಜಿ ಬೇಕಿದ್ದರೆ ಕೇಳಿ, ಊರಿನ ಹೆಸರು ಬದಲಿಸಿಕೊಂಡು ಬಳಸಬಹುದು.