ಮಕ್ಕಳು ಹಾಡೋಕೆ ಎಷ್ಟು ವಾದ್ಯ ಬೇಕು?

ಮಕ್ಕಳಿಗೆ ಗುಂಪಿನಲ್ಲಿ ಹಾಡು ಹೇಳಿಕೊಡಲು ಹೊರಟ ಸ್ನೇಹಿತರು ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಯಾವ ವಾದ್ಯ ತಗೊಳ್ಳೋದು? ಜಾಸ್ತಿ ಖರ್ಚಾಗಬಾರದು." ಅಷ್ಟು ಹೊತ್ತಿಗೆ ಅವರು ಆನ್‌ಲೈನ್‌ನಲ್ಲಿ ಒಂದು ಸೆಟ್ ನೋಡಿಟ್ಟುಕೊಂಡಿರುತ್ತಾರೆ. ಬಣ್ಣಬಣ್ಣದ ಚೀಲ. ಅದರೊಳಗೆ ಗಿಲಕಿ, ಗೆಜ್ಜೆ, ತಾಳ, ಪುಟ್ಟ ಡ್ರಮ್ಮು, ಪೀಪಿ, ಇನ್ನೂ ಏನೇನೋ. ಇಷ್ಟೆಲ್ಲ ಸೇರಿ ಒಂದೇ ಬೆಲೆಗೆ ಸಿಗುತ್ತದೆ ಅಂದರೆ ಯಾರಿಗೆ ಆಸೆಯಾಗಲ್ಲ ಹೇಳಿ!

ನಾನು ಮಾತ್ರ ಬೇಡ ಅನ್ನುತ್ತೇನೆ. ಆ ಚೀಲದಲ್ಲಿ ಇರುವುದು ಬಹುಪಾಲು ಸದ್ದು ಮಾಡುವ ಸಾಮಾನು. ಹಾಡುವ ಮಕ್ಕಳಿಗೆ ಮೊದಲು ಬೇಕಾದದ್ದು ಶ್ರುತಿ. ಎಲ್ಲಿಂದ ಎತ್ತಿಕೊಳ್ಳಬೇಕು, ಹಾಡು ಮುಗಿಯುವಾಗ ಎಲ್ಲಿಗೆ ಬಂದು ನಿಲ್ಲಬೇಕು ಅನ್ನುವುದು ಕಿವಿಗೆ ಸಿಕ್ಕರೆ ದೊಡ್ಡ ಗುಂಪೂ ಒಟ್ಟಿಗೆ ಹಾಡುತ್ತದೆ. ಅದು ಸಿಗದೆ ಎಲ್ಲರ ಕೈಗೂ ಗಿಲಕಿ ಕೊಟ್ಟರೆ ಹಾಡು ಹೋಗಿ ಕೂಗು ಉಳಿಯುತ್ತದೆ. ತನ್ನ ದನಿ ತನಗೇ ಕೇಳಿಸದ ಮಗು ಜೋರು ಮಾಡುತ್ತದೆ, ಪಕ್ಕದ ಮಗು ಅದಕ್ಕಿಂತ ಜೋರು ಮಾಡುತ್ತದೆ. ಆಮೇಲೆ ನಾವು "ಕಿರುಚಬೇಡ್ರೋ" ಅಂತ ಎಲ್ಲರಿಗಿಂತ ಜೋರಾಗಿ ಕಿರುಚುತ್ತೇವೆ.

ಹಾಗಾಗಿ ನನ್ನ ಲೆಕ್ಕ ತೀರಾ ಸರಳ. ಇರುವ ದುಡ್ಡಿನಲ್ಲಿ ಮುಕ್ಕಾಲು ಪಾಲು ಶ್ರುತಿ ಕೊಡುವ ಒಂದೇ ಒಂದು ಒಳ್ಳೆಯ ವಾದ್ಯಕ್ಕೆ. ಉಳಿದದ್ದು ತಾಳಕ್ಕೆ. ಅದೂ ಉಳಿದರೆ. ಯಾಕೆಂದರೆ ತಾಳಕ್ಕೆ ಅಂಗೈ ಇದ್ದೇ ಇದೆಯಲ್ಲ.

ವಾದ್ಯ ನೋಡುವ ಮೊದಲು ಮಕ್ಕಳ ಕಂಠ ನೋಡಬೇಕು. ಐದರಿಂದ ಏಳು ವರ್ಷದ ಮಕ್ಕಳಿಗೆ ಆರಾಮಾಗಿ ಎಟುಕುವ ಸ್ವರಗಳು ಕಡಿಮೆ. ಪಾಶ್ಚಾತ್ಯರು ಸ್ವರಗಳನ್ನು ಸಿ, ಡಿ, ಇ, ಎಫ್, ಜಿ, ಎ, ಬಿ ಅಂತ ಕರೆಯುತ್ತಾರೆ. ಕೀಬೋರ್ಡಿನ ನಡುವೆ ಒಂದು ಸಿ ಇರುತ್ತದಲ್ಲ, ಅದರ ಪಕ್ಕದ ಡಿ ಇಂದ ಮೇಲಿನ ಎ ವರೆಗೆ, ಸುಮಾರು ಐದು ಬಿಳಿ ಮನೆ. ಎಂಟು ಹತ್ತು ವರ್ಷದ ಹೊತ್ತಿಗೆ ಅದು ನಡುವಿನ ಸಿ ಇಂದ ಮೇಲಿನ ಡಿ ತನಕ ಹಿಗ್ಗುತ್ತದೆ. ದೊಡ್ಡವರು ಏನು ಮಾಡುತ್ತೇವೆ? ನಮ್ಮ ಗಂಟಲಿಗೆ ಹಿತವಾದ ಕಡೆ ಎತ್ತಿಕೊಳ್ಳುತ್ತೇವೆ. ಮಕ್ಕಳಿಗೆ ಅದು ತೀರಾ ತಗ್ಗು. ಅಷ್ಟು ತಗ್ಗಿನಲ್ಲಿ ಅವರಿಗೆ ಹಾಡೋಕೆ ಆಗಲ್ಲ, ಸುಮ್ನೆ ಸಾಹಿತ್ಯ ಒಪ್ಪಿಸುತ್ತಾರೆ. ಗಂಡಸರು ಹೇಳಿಕೊಡುವಾಗ ಇನ್ನೊಂದು ತೊಡಕಿದೆ. ಅವರ ದನಿ ಒಂದು ಸ್ಥಾಯಿ ಕೆಳಗಿರುತ್ತದೆ. ಕೆಲವು ಪುಟ್ಟ ಮಕ್ಕಳು ಅದನ್ನೇ ಹಿಡಿಯಲು ಹೋಗಿ ಗಂಟಲಲ್ಲೇ ಗೊರಗೊರ ಅನ್ನುತ್ತಾರೆ. "ಈ ಮಗುವಿಗೆ ಸ್ವರಜ್ಞಾನ ಇಲ್ಲ" ಅಂತ ನಾವು ಷರಾ ಬರೆದುಬಿಡುತ್ತೇವೆ. ಪಾಪ, ಅದು ಕೇಳಿಸಿಕೊಂಡದ್ದನ್ನೇ ಮಾಡುತ್ತಿರುತ್ತದೆ.

ಅಂದರೆ ಮಕ್ಕಳು ಹಾಡುವ ಜಾಗದಲ್ಲೇ ನುಡಿಯುವ ವಾದ್ಯ ಬೇಕು. ಈ ಒಂದು ನಿಯಮ ಇಟ್ಟುಕೊಂಡರೆ ಅರ್ಧ ಅಂಗಡಿ ಖಾಲಿ. ಮಕ್ಕಳ ಸೆಟ್‌ಗಳಲ್ಲಿ ಕ್ಸೈಲೋಫೋನ್ ಅಂತ ಬರುವುದು ಸಾಮಾನ್ಯವಾಗಿ ಲೋಹದ ಪಟ್ಟಿಗಳ ಗ್ಲಾಕೆನ್‌ಸ್ಪೀಲ್. ನಿಜವಾದ ಕ್ಸೈಲೋಫೋನಿಗೆ ಮರದ ಪಟ್ಟಿ ಇರುತ್ತದೆ. ಈ ಪುಟ್ಟ ಲೋಹದ ವಾದ್ಯ ಕಿಣಿಕಿಣಿ ಅಂತ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಮಕ್ಕಳ ದನಿಗಿಂತ ಒಂದೆರಡು ಸ್ಥಾಯಿ ಮೇಲೆ. ಅದನ್ನು ಕೇಳಿ ತನ್ನ ಸ್ವರ ಹುಡುಕಿಕೊಳ್ಳುವುದು ಪುಟ್ಟ ಮಗುವಿಗೆ ಕಷ್ಟ. ಸಾಲದ್ದಕ್ಕೆ ಅಗ್ಗದವುಗಳಲ್ಲಿ ಶ್ರುತಿಯೇ ಇರಲ್ಲ. ಕೊಳ್ಳುವ ಮುಂಚೆ ಮೊದಲನೇ ಪಟ್ಟಿ ಮತ್ತು ಎಂಟನೇ ಪಟ್ಟಿ ಒಟ್ಟಿಗೆ ಬಾರಿಸಿ ನೋಡಿ. ಎರಡೂ ಒಂದರಲ್ಲೊಂದು ಕರಗಬೇಕು. ಆಮೇಲೆ ಮೊದಲನೆಯದು ಮತ್ತು ಐದನೆಯದು, ಅಂದರೆ ಷಡ್ಜ ಪಂಚಮ. ಎಲ್ಲೋ ಒಂಚೂರು ಹುಳಿ ಅನ್ನಿಸಿದರೆ ಅಲ್ಲೇ ಇಟ್ಟು ಬನ್ನಿ. ಬಣ್ಣ ಎಷ್ಟೇ ಚೆನ್ನಾಗಿರಲಿ.

ಪಟ್ಟಿ ವಾದ್ಯಗಳ ವಿಷಯದಲ್ಲಿ ತುಂಬ ತಲೆ ಓಡಿಸಿದವರು ಜರ್ಮನಿಯ ಸಂಗೀತ ಸಂಯೋಜಕ ಕಾರ್ಲ್ ಓರ್ಫ್. 1924ರಲ್ಲಿ ಮ್ಯೂನಿಕ್‌ನಲ್ಲಿ ಡೊರೊಥೀ ಗುಂಟರ್ ಜೊತೆ ಸಂಗೀತ ಮತ್ತು ನೃತ್ಯದ ಶಾಲೆ ಶುರುಮಾಡಿದರು. ಅಲ್ಲಿಂದ ಬೆಳೆದ ಪದ್ಧತಿಯಲ್ಲಿ, ಓರ್ಫ್ ಜೊತೆ ಕೆಲಸ ಮಾಡಿದ ಗುನಿಲ್ಡ್ ಕೀಟ್‌ಮನ್ ಅವರ ಪಾಲೂ ದೊಡ್ಡದು, ಒಂದು ಜಾಣ ಉಪಾಯವಿದೆ. ವಾದ್ಯದ ಪಟ್ಟಿಗಳನ್ನು ಕಿತ್ತು ತೆಗೆಯಬಹುದು. ಮ ಮತ್ತು ನಿ ತೆಗೆದಿಟ್ಟರೆ ಉಳಿಯುವುದು ಸ ರಿ ಗ ಪ ದ. ನೋಡಿ, ನಮ್ಮ ಮೋಹನ ರಾಗದ ಸ್ವರಗಳೇ! ಆಗ ಮಗು ಯಾವ ಪಟ್ಟಿ ಬಾರಿಸಿದರೂ ಕಿವಿಗೆ ಚುಚ್ಚುವ ಅಪಸ್ವರ ಬರಲ್ಲ. ಆದರೆ ಮಕ್ಕಳ ಕಂಠಕ್ಕೆ ಹೊಂದುವ ಆಲ್ಟೊ ಗಾತ್ರದ ಮರದ ಕ್ಸೈಲೋಫೋನ್ ಅಗ್ಗದ ವಾದ್ಯವೇನಲ್ಲ.

ಅದಕ್ಕೊಂದು ಅಡ್ಡದಾರಿ ಇದೆ. ಪೆಟ್ಟಿಗೆಯ ಮೇಲೆ ಕೂರಿಸಿದ ಬಿಡಿ ಪಟ್ಟಿಗಳು ಸಿಗುತ್ತವೆ, ಚೈಮ್ ಬಾರ್ ಅನ್ನುತ್ತಾರೆ. ಸ ಒಂದು, ಪ ಒಂದು, ಎರಡೇ ತಗೊಳ್ಳಿ. ಒಂದು ಮಗು ಎರಡನ್ನೂ ನಿಧಾನಕ್ಕೆ ಸರದಿಯಲ್ಲಿ ಬಾರಿಸುತ್ತಾ ಕೂತರೆ ಉಳಿದವರ ಹಾಡಿಗೆ ಶ್ರುತಿ ಸಿಕ್ಕಿತು. ಬಾರಿಸುವುದನ್ನು ಮಾತ್ರ ಹೇಳಿಕೊಡಬೇಕು. ಮಕ್ಕಳು ಮೊದಲು ಕೋಲನ್ನು ಪಟ್ಟಿಗೆ ಒತ್ತಿ ಹಿಡಿಯುತ್ತಾರೆ, "ಟಕ್" ಅಂತ ಸದ್ದು ಅಲ್ಲೇ ಸತ್ತುಹೋಗುತ್ತದೆ. ಪಟ್ಟಿಯ ನಡುಮಧ್ಯಕ್ಕೆ ತಾಗಿಸಿ ಕೋಲು ತಾನೇ ಪುಟಿಯಲು ಬಿಟ್ಟರೆ "ಟಂಯ್ಞ್‌ಞ್" ಅಂತ ನಿಲ್ಲುತ್ತದೆ. ಆ ಸದ್ದು ಪೂರ್ತಿ ಆರುವ ತನಕ ಕೇಳಿಸಿಕೊಂಡು ಕೈ ಎತ್ತಿ ಅಂತ ಹೇಳಿ. ಅದೇ ಒಂದು ಪಾಠ.

ಇಷ್ಟೂ ಆಗಲ್ಲ ಅನ್ನುವವರಿಗೆ ಮೊಬೈಲ್ ಇದೆ. ತಂಬೂರಿಯ ಆ್ಯಪ್ ಹಾಕಿಕೊಂಡರೆ ಶ್ರುತಿಪೆಟ್ಟಿಗೆಯ ಕೆಲಸ ನಡೆಯುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಸರಿಯಾಗಿ ಕೇಳಲ್ಲ, ಹಾಗಾಗಿ ಏರು ಶ್ರುತಿ ಇಡಿ, ಮಕ್ಕಳಿಗೂ ಅದೇ ಒಳ್ಳೆಯದು. ಬ್ಯಾಟರಿಯೇ ಬೇಡದ ಇನ್ನೊಂದು ಸಾಧನ ಶ್ರುತಿಕವೆ, ಟ್ಯೂನಿಂಗ್ ಫೋರ್ಕ್. 1711ರಲ್ಲಿ ಇಂಗ್ಲೆಂಡಿನ ಜಾನ್ ಶೋರ್ ಅನ್ನುವ ಸಂಗೀತಗಾರ ಕಂಡುಹಿಡಿದದ್ದು, ಇವತ್ತಿಗೂ ಹಾಗೇ ಇದೆ. ಸಂಗೀತದವರು ಬಳಸುವ ಕವೆ ಸೆಕೆಂಡಿಗೆ 440 ಸಲ ಕಂಪಿಸಿ ಎ ಸ್ವರ ಕೊಡುತ್ತದೆ. ಮೊಣಕಾಲಿಗೆ ತಟ್ಟಿ ಬುಡವನ್ನು ಮರದ ಮೇಜಿಗೆ ಊರಿದರೆ ಇಡೀ ಮೇಜು ಹಾಡುತ್ತದೆ. ಮಕ್ಕಳು ಮೇಜಿಗೆ ಕಿವಿ ಇಡಲು ಮುಗಿಬೀಳುತ್ತಾರೆ.

ಕೀಬೋರ್ಡ್ ಬಗ್ಗೆ ನನಗೆ ತಕರಾರಿಲ್ಲ, ಅದರ ರಿದಮ್ ಗುಂಡಿ ಬಗ್ಗೆ ಇದೆ. ಅದನ್ನು ಒತ್ತಿದ ಕೂಡಲೇ ಮಕ್ಕಳು ಯಂತ್ರದ ಹಿಂದೆ ಓಡಬೇಕಾಗುತ್ತದೆ. ಉಸಿರು ತಗೊಳ್ಳಲು ಅದು ಕಾಯಲ್ಲ. ಆ ಗುಂಡಿ ಮುಟ್ಟದಿದ್ದರೆ ಚಿಕ್ಕ ಕೀಬೋರ್ಡ್ ಒಳ್ಳೆಯದೇ. ಕೊಳ್ಳುವಾಗ ಎರಡು ನೋಡಿ: ಮೂರು ಮನೆ ಒಟ್ಟಿಗೆ ಒತ್ತಿದರೆ ಮೂರೂ ನುಡಿಯುತ್ತವಾ, ಟ್ರಾನ್ಸ್‌ಪೋಸ್ ಇದೆಯಾ. ಆಟಿಕೆ ಕೀಬೋರ್ಡುಗಳಲ್ಲಿ ಕೆಲವು ಒಂದು ಸಲಕ್ಕೆ ಒಂದೇ ಸ್ವರ ಕೊಡುತ್ತವೆ. ಟ್ರಾನ್ಸ್‌ಪೋಸ್ ಇದ್ದರೆ ಬೆರಳು ಬದಲಿಸದೆ ಹಾಡನ್ನು ಮಕ್ಕಳ ಎತ್ತರಕ್ಕೆ ಏರಿಸಬಹುದು. ಹಾರ್ಮೋನಿಯಂ ಇರುವವರು ಅದನ್ನೇ ಬಳಸಿ, ಪದೇ ಪದೇ ಶ್ರುತಿ ಮಾಡುವ ರಗಳೆ ಇಲ್ಲ. ಆದರೆ ಎರಡೂ ವಾದ್ಯಕ್ಕೆ ನನ್ನದು ಒಂದೇ ಮಾತು: ಹಾಡು ಎತ್ತಿಕೊಡುವ ತನಕ ನುಡಿಸಿ, ಆಮೇಲೆ ಕೈ ತೆಗೆಯಿರಿ. ಪೂರ್ತಿ ಹಾಡನ್ನು ಜೊತೆಗೇ ನುಡಿಸಿದರೆ ಮಕ್ಕಳು ವಾದ್ಯಕ್ಕೆ ಒರಗಿಕೊಳ್ಳುತ್ತಾರೆ. ಹಂಗೇರಿಯ ಸಂಗೀತ ಸಂಯೋಜಕ ಜೋಲ್ತಾನ್ ಕೊಡಾಯ್ ಮಕ್ಕಳ ಸಂಗೀತ ಪಾಠಕ್ಕೆ ದನಿಯನ್ನೇ ತಳಪಾಯ ಮಾಡಿದ್ದು ಸುಮ್ನೆ ಅಲ್ಲ.

ಈಗ ನನ್ನ ಮೆಚ್ಚಿನ ವಾದ್ಯಕ್ಕೆ ಬರುತ್ತೇನೆ. ಉಕುಲೆಲೆ, ನೋಡಲು ಪುಟ್ಟ ಗಿಟಾರಿನ ಹಾಗಿರುತ್ತದೆ. ದೊಡ್ಡವರೊಬ್ಬರು ನುಡಿಸುತ್ತಾ, ನಿಂತುಕೊಂಡು, ಮಕ್ಕಳ ಮುಖ ನೋಡುತ್ತಾ, ಜೊತೆಗೇ ಹಾಡಬಹುದಾದ ಅಗ್ಗದ ವಾದ್ಯ ಇದರಷ್ಟು ಒಳ್ಳೆಯದು ನನಗೆ ಇನ್ನೊಂದು ಕಂಡಿಲ್ಲ. 1879ರಲ್ಲಿ ಮದೀರಾ ದ್ವೀಪದಿಂದ ಹವಾಯಿಗೆ ಕೆಲಸಕ್ಕೆ ಬಂದ ಪೋರ್ಚುಗೀಸರು ತಂದ ಪುಟ್ಟ ತಂತಿವಾದ್ಯದಿಂದ ಹುಟ್ಟಿದ್ದು ಇದು. 1960ರ ದಶಕದಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನ ಶಾಲೆಗಳಲ್ಲಿ ಚಾಮರ್ಸ್ ಡೋನ್ ಅನ್ನುವವರು ಇದನ್ನೇ ಹಿಡಿದು ಮಕ್ಕಳಿಗೆ ಸಂಗೀತ ಕಲಿಸಿದರು. ನಾಲ್ಕೇ ತಂತಿ: ಜಿ, ಸಿ, ಇ, ಎ. ಇದರಲ್ಲಿ ತಗ್ಗಿನದು ನಡುವಿನ ಸಿ, ಎತ್ತರದ್ದು ಅದರ ಮೇಲಿನ ಎ. ಮೇಲೆ ಮಕ್ಕಳ ಕಂಠದ ಬಗ್ಗೆ ಹೇಳಿದೆನಲ್ಲ, ಹೆಚ್ಚುಕಡಿಮೆ ಅದೇ ಜಾಗ! ಕೆಲವು ಸ್ವರ ಒಟ್ಟಿಗೆ ನುಡಿಸುವುದಕ್ಕೆ ಕಾರ್ಡ್ ಅನ್ನುತ್ತಾರೆ. ಸಿ ಕಾರ್ಡಿಗೆ ಒಂದೇ ಬೆರಳು ಸಾಕು, ಎ ತಂತಿಯ ಮೂರನೇ ಮನೆಯಲ್ಲಿ. ಎಫ್‌ಗೆ ಎರಡು ಬೆರಳು. ಜಿ7 ಒಂದು ಸೇರಿದರೆ ಎಷ್ಟೋ ಮಕ್ಕಳ ಹಾಡುಗಳು ಮುಗಿದವು. ನೈಲಾನ್ ತಂತಿ, ಬೆರಳು ಕೊಯ್ಯಲ್ಲ, ಮತ್ತು ಸದ್ದು ಮೆತ್ತಗೆ. ಕೆಲವರು ಆ ಮೆತ್ತಗಿನ ಸದ್ದನ್ನೇ ದೋಷ ಅನ್ನುತ್ತಾರೆ. ನನಗೆ ಅದೇ ದೊಡ್ಡ ಗುಣ. ಮಕ್ಕಳು ಕಿರುಚಿದರೆ ವಾದ್ಯ ಕೇಳಿಸಲ್ಲ, ಹಾಗಾಗಿ ತಾವೇ ದನಿ ಇಳಿಸುತ್ತಾರೆ.

ತಗೊಳ್ಳುವಾಗ ಜಾಗ್ರತೆ ಬೇಕು. ಸೊಪ್ರಾನೊ ಗಾತ್ರ ಮಕ್ಕಳ ಕೈಗೆ ಸರಿ, ದೊಡ್ಡವರ ಬೆರಳಿಗೆ ಇಕ್ಕಟ್ಟು, ಅವರಿಗೆ ಕನ್ಸರ್ಟ್ ಗಾತ್ರ ವಾಸಿ. ತಂತಿ ಬಿಗಿ ಮಾಡುವ ಕಿವಿಗಳು ಹಲ್ಲುಚಕ್ರದವಾಗಿರಲಿ, ಬರೀ ತಿಕ್ಕಾಟದಿಂದ ನಿಲ್ಲುವ ಕಿವಿ ಜಾರುತ್ತದೆ. ತೆರೆದ ತಂತಿ ಮೀಟಿ, ಆಮೇಲೆ ಅದೇ ತಂತಿಯನ್ನು ಹನ್ನೆರಡನೇ ಮನೆಯಲ್ಲಿ ಒತ್ತಿ ಮೀಟಿ. ಸರಿಯಾಗಿ ಒಂದು ಸ್ಥಾಯಿ ಮೇಲೆ ಬರಬೇಕು, ಬರದಿದ್ದರೆ ಅದು ಗೋಡೆಗೆ ನೇತುಹಾಕುವ ವಸ್ತು ಅಷ್ಟೇ. ಹೊಸ ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. "ಶ್ರುತಿ ನಿಲ್ಲಲ್ಲ, ಮೋಸ ಹೋದೆವು" ಅಂತ ವಾಪಸ್ ಕಳಿಸುವವರಿದ್ದಾರೆ. ಸ್ವಲ್ಪ ದಿನ ಕಾಯಿರಿ, ನಿಲ್ಲುತ್ತದೆ.

ರೆಕಾರ್ಡರ್ ಅಂದರೆ ಪ್ಲಾಸ್ಟಿಕ್ ಕೊಳಲು, ಶಾಲೆಗಳ ಪ್ರೀತಿಯ ವಾದ್ಯ. ಅಗ್ಗ, ಗಟ್ಟಿ, ಶ್ರುತಿಯೂ ಪರವಾಗಿಲ್ಲ. ಆದರೆ ಊದುವವರು ಹಾಡಲು ಆಗಲ್ಲ ಅಲ್ವಾ? ಹಾಡಿನ ಗುಂಪಿಗೆ ವಾದ್ಯ ಹುಡುಕುವಾಗ ಈ ಸಣ್ಣ ಸಂಗತಿ ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. ನಡುನಡುವೆ ಬಿಡಿ ಸಾಲು ಊದಲು ದೊಡ್ಡ ಮಕ್ಕಳಿಗೆ ಕೊಡಬಹುದು, ಆದರೆ ಒಬ್ಬರಿಗೆ ಒಂದು. ಬಾಯಿಗಿಡುವ ವಾದ್ಯ ಹಂಚಿಕೊಳ್ಳುವಂಥದ್ದಲ್ಲ. ಜರ್ಮನ್, ಬರೋಕ್ ಅಂತ ಎರಡು ಬಗೆ ಇವೆ. ಜರ್ಮನ್‌ನಲ್ಲಿ ಎಫ್ ಹಿಡಿಯುವುದು ಸುಲಭ, ಮುಂದೆ ಅದಕ್ಕಿಂತ ಅರ್ಧ ಸ್ವರ ಮೇಲಿನ ಎಫ್ ಶಾರ್ಪ್ ಬಂದಾಗ ಶ್ರುತಿ ಕೈಕೊಡುತ್ತದೆ. ಬರೋಕ್ ತಗೊಳ್ಳಿ.

ತಾಳದ ವಾದ್ಯಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಡಬ್ಬಿಗೆ ಕಾಳು ತುಂಬಿದರೆ ಗಿಲಕಿ, ಮೂರನೇ ಒಂದು ಭಾಗ ಸಾಕು, ಪೂರ್ತಿ ತುಂಬಿದರೆ ಕಾಳಿಗೆ ಓಡಾಡಲು ಜಾಗವಿಲ್ಲದೆ ಸದ್ದೇ ಬರಲ್ಲ. ಮರದ ಕೋಲು ಎರಡು. ಒಂದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯದೆ, ಬೊಗಸೆ ಮಾಡಿದ ಕೈಯ ಮೇಲೆ ಮಲಗಿಸಿ ಬಾರಿಸಿದರೆ ಸದ್ದು ಎಷ್ಟು ತುಂಬಿ ಬರುತ್ತದೆ ನೋಡಿ. ಒಂದು ಹಾಡಿಗೆ ಎರಡು ಮೂರು ಮಕ್ಕಳ ಕೈಯಲ್ಲಷ್ಟೇ ತಾಳ ಇರಲಿ, ಮುಂದಿನ ಹಾಡಿಗೆ ಪಕ್ಕದವರಿಗೆ. ಹಾಗೆ ಮಾಡಿದರೆ ಇಡೀ ಗುಂಪಿಗೆ ಮೂರು ಗಿಲಕಿ ಸಾಕು.

ಮುಚ್ಚಿದ ಕೋಣೆಯಲ್ಲಿ ಹತ್ತು ಗೆಜ್ಜೆ ತಾಳ ಒಟ್ಟಿಗೆ ಬಡಿದರೆ ಕಿವಿಗೂ ಒಳ್ಳೆಯದಲ್ಲ. ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 75 ಡೆಸಿಬಲ್ ಮಿತಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೊಡ್ಡವರಿಗೆ ಅದು 80. ಸದ್ದು ಏರಿದಷ್ಟೂ ಈ ಗಂಟೆಗಳು ಬೇಗ ಕರಗುತ್ತವೆ. ಮೂರು ವರ್ಷದ ಒಳಗಿನ ಮಕ್ಕಳಿದ್ದರೆ ಬಾಯಿಗೆ ಹೋಗುವಷ್ಟು ಚಿಕ್ಕ ಸಾಮಾನು ಬೇಡವೇ ಬೇಡ. ಮನೆಯಲ್ಲಿ ಮಾಡಿದ ಗಿಲಕಿಯ ಮುಚ್ಚಳವನ್ನು ಅಂಟು ಹಾಕಿ ಭದ್ರ ಮಾಡಿ.

ಯಾರೋ ಬಳಸಿದ್ದು ಸಿಕ್ಕರೆ ಸಂಕೋಚ ಪಡದೆ ತಗೊಳ್ಳಿ, ಮರದ ವಾದ್ಯ ಹಳೆಯದಾದರೆ ತಪ್ಪೇನಿಲ್ಲ. ಉಕುಲೆಲೆಯ ಕತ್ತು ಬಾಗಿದೆಯಾ ಅಂತ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಕೀಬೋರ್ಡ್ ಆದರೆ ಪ್ರತಿ ಮನೆಯನ್ನೂ ಒಂದು ಸಲ ಒತ್ತಿ, ಬ್ಯಾಟರಿ ಜಾಗದಲ್ಲಿ ತುಕ್ಕು ಇದೆಯಾ ಬಗ್ಗಿ ನೋಡಿ. ಗುಂಡಿ ಬ್ಯಾಟರಿ ಹಾಕುವ ಆಟಿಕೆಯಾದರೆ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಮಗು ಅದನ್ನು ನುಂಗಿದರೆ ಜೀವಕ್ಕೇ ಅಪಾಯ. ಸ್ಕ್ರೂ ಕಳೆದುಹೋಗಿದ್ದರೆ ಪುಕ್ಕಟೆ ಕೊಟ್ಟರೂ ತರಬೇಡಿ.