ಚಕ್ ಹತ್ತಿರ ಸೊನ್ನೆ ಬಂದರೆ ಸಾಲದು
ರೆಮಿಂಗ್ಟನ್ 700 ರೈಫಲ್‌ನ ಬೋಲ್ಟನ್ನು (ಗುಂಡನ್ನು ನಳಿಕೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಸರಳು) ಲೇತ್‌ಗೆ ಹಾಕುವಾಗ ಮೂರು ಜಾ ಚಕ್‌ನಲ್ಲಿ, ಅಂದರೆ ಮೂರು ದವಡೆಯ ಹಿಡಿಕೆಯಲ್ಲಿ, ಹಿಡಿದರೆ ಸಾಕು ಎಂದು ಬರೆದಿದ್ದೀರಿ. ಒಪ್ಪೋದು ಕಷ್ಟ. ನಾನು ಬಂದೂಕು ಮುಟ್ಟಿದವನಲ್ಲ, ಪೀಣ್ಯದಲ್ಲಿ ಲೇತ್ ಓಡಿಸುವವನು. ಆದರೆ ಉದ್ದ ಶಾಫ್ಟ್‌ನ ಕಥೆ ಎಲ್ಲಾ ಕಡೆ ಒಂದೇ ಅಲ್ವಾ? ಒಂದೊಂದು ಜಾ ಬೇರೆಬೇರೆಯಾಗಿ ಸರಿಯುವ ನಾಲ್ಕು ಜಾ ಚಕ್ ಹಾಕಿ, ಜಾ ಕೆಳಗೆ ತಾಮ್ರದ ತಗಡು ಇಡಿ. ಒಂದು ಸುತ್ತಿಗೆ ಡಯಲ್ (ಓಲಾಟ ಅಳೆಯುವ ಮಾಪಕ) ಮುಳ್ಳು 0.10 ಮಿ.ಮೀ. ಆಡಿದರೆ ಸರಿಸಬೇಕಾದ್ದು 0.05 ಮಾತ್ರ. ಹೊಸ ಹುಡುಗರು ಪೂರ್ತಿ ಸರಿಸಿ ಸುಮ್ನೆ ಅರ್ಧ ಗಂಟೆ ಒದ್ದಾಡುತ್ತಾರೆ (ನಾನೂ ಒದ್ದಾಡಿದ್ದೇನೆ). ಚಕ್ ಹತ್ತಿರ ಸೊನ್ನೆ ಬಂತೆಂದು ನಂಬಬೇಡಿ. ಆಚೆ ತುದಿಗೂ ಡಯಲ್ ಹಿಡಿದು ನೋಡಿ, ಓಲಾಟ ಜಾಸ್ತಿ ಕಾಣೋದು ಅಲ್ಲೇ. ಅದನ್ನು ಬಿಟ್ಟು ಲಗ್‌ಗಳ (ಬೋಲ್ಟನ್ನು ಬಂದೂಕಿನೊಳಗೆ ಬೀಗದಂತೆ ಹಿಡಿಯುವ ಎರಡು ಉಬ್ಬು) ಮುಖವನ್ನು ಲೇತ್‌ನಲ್ಲಿ ಸಮ ಮಾಡಿದರೆ, ಎರಡರಲ್ಲಿ ಒಂದೇ ಸರಿಯಾಗಿ ಕೂರುತ್ತದೆ.